ತಣ್ಣೀರಿನಲ್ಲಿ ತೊಳೆದದ್ದು

ರಕ್ತದ ಕಲೆ ಎಷ್ಟು ಹೊತ್ತಿನದು ಎಂದು ಬಣ್ಣ ನೋಡಿಯೇ ಹೇಳಬಲ್ಲವಳು ಅವಳು. ಕೆಂಪಾಗಿದ್ದರೆ ಗಂಟೆಯೊಳಗಿನದು, ಅಂಚು ಕಂದಿ ನಡು ಕೆಂಪಾಗಿದ್ದರೆ ಅರ್ಧ ದಿನದ್ದು, ಚಹಾದ ಬಣ್ಣಕ್ಕೆ ತಿರುಗಿದ್ದರೆ ಒಂದು ದಿನ ದಾಟಿದ್ದು. ಹದಿನೆಂಟು ವರ್ಷ ಲಾಂಡ್ರಿಯಲ್ಲಿ ಕಲೆ ತೆಗೆಯುವ ಮೇಜಿನ ಮುಂದೆ ನಿಂತವಳಿಗೆ ಇದೇನೂ ಕಷ್ಟದ ವಿದ್ಯೆಯಲ್ಲ. ಆ ಮಂಗಳವಾರ ಬೆಳಿಗ್ಗೆ ಲಾಂಡ್ರಿಯ ಹಿಂದಿನ ಶೌಚದ ಕೋಣೆಯಲ್ಲಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ತನ್ನ ಒಳಬಟ್ಟೆಯ ಮೇಲಿನ ಉಗುರಗಲದ ಕಂದು ಗುರುತನ್ನು ನೋಡಿದಾಗಲೂ ಮೊದಲು ಮನಸ್ಸಿಗೆ ಬಂದದ್ದು ಅದೇ: ಒಂದು ದಿನದ್ದು. ಆದರೆ ಆ ಬಟ್ಟೆ ತೊಟ್ಟು ಮೂರು ಗಂಟೆಯೂ ಆಗಿರಲಿಲ್ಲ.

ಆಮೇಲೆ ಬೆರಳು ಮಡಿಸಿ ಎಣಿಸಿದಳು. ಮುಟ್ಟಾಗಿ ಇವತ್ತಿಗೆ ಹದಿನೈದು ದಿನ. ಇನ್ನೂ ಹದಿಮೂರು ದಿನ ಹೋಗಬೇಕು. ಹೋದ ತಿಂಗಳೂ ಹೀಗೇ ನಡುವೆ ಎರಡು ದಿನ ಕಾಣಿಸಿಕೊಂಡಿತ್ತು. ಕಂಬಳಿಗಳ ಮೂಟೆ ಎತ್ತಿದ್ದಕ್ಕೆ ಇರಬೇಕು ಎಂದುಕೊಂಡಳು. ಅದರ ಹಿಂದಿನ ತಿಂಗಳು ಒಂದು ದಿನ. ಅವತ್ತು ಏನು ಅಂದುಕೊಂಡಳೋ ನೆನಪಿಲ್ಲ. ಈ ತಿಂಗಳು ಮೂಟೆ ಎತ್ತಿರಲಿಲ್ಲ.

ನಲ್ಲಿ ತಿರುಗಿಸಿ, ತಣ್ಣೀರಿನಲ್ಲಿ ಆ ಜಾಗವನ್ನಷ್ಟೇ ಹಿಡಿದು ಉಜ್ಜಿದಳು. ಕಲೆ ಹೋಯಿತು. ಅವಳ ಕೈಗೆ ಸಿಕ್ಕಿದ್ದು ಉಳಿಯುವುದುಂಟೆ? ಕನ್ನಡಿ ನೋಡಿ ಮುಖ ಒರೆಸಿಕೊಂಡು ಹೊರಗೆ ಬಂದಳು. ಹತ್ತು ನಿಮಿಷಕ್ಕೆ ಮತ್ತೆ ಹೋಗಿ ನೋಡಿದಳು.

ಲಾಂಡ್ರಿಯಲ್ಲಿ ಎಲ್ಲರಿಗೂ ಅವಳು ಕಲೆಯಕ್ಕ. ಬಟ್ಟೆ ತಂದವರಿಗೆ ಅವಳು ಮೂರು ಪ್ರಶ್ನೆ ಕೇಳಬೇಕು, ಉತ್ತರವನ್ನು ಒಂದು ಚೀಟಿಯಲ್ಲಿ ಬರೆದು ಬಟ್ಟೆಗೆ ಸಿಕ್ಕಿಸಬೇಕು: ಇದು ಏನು, ಯಾವಾಗ ಆಯಿತು, ನೀವೇ ಏನಾದರೂ ಹಚ್ಚಿದಿರಾ. ಚೀಟಿ ಇಲ್ಲದ ಬಟ್ಟೆಯನ್ನು ಅವಳು ಮುಟ್ಟುತ್ತಿರಲಿಲ್ಲ. ಜನ ಸುಳ್ಳು ಹೇಳುತ್ತಾರೆ. ತುಟಿಬಣ್ಣವನ್ನು ಹಣ್ಣಿನ ರಸ ಎನ್ನುತ್ತಾರೆ, ಮದ್ಯವನ್ನು ಕೆಮ್ಮಿನ ಔಷಧಿ ಎನ್ನುತ್ತಾರೆ. "ವಕೀಲರಿಗೂ ಬಟ್ಟೆ ಒಗೆಯೋರಿಗೂ ಸುಳ್ಳು ಹೇಳಬಾರದು ಸ್ವಾಮಿ, ಎರಡೂ ಕಡೆ ಕೊಳೆ ನಿಮ್ಮ ಮೇಲೇ ಉಳಿಯುತ್ತೆ" ಎಂದು ಅವಳು ನಗುನಗುತ್ತಲೇ ನಿಜವನ್ನು ಹೊರಗೆ ಎಳೆಯುತ್ತಿದ್ದಳು.

ಆ ದಿನ ಬಂದ ಹಲ್ಲಿನ ವೈದ್ಯರ ಬಿಳಿ ಕೋಟಿಗೆ ಚೀಟಿ ಸರಿಯಾಗಿಯೇ ಇತ್ತು. ರಕ್ತ, ನಿನ್ನೆ ಸಂಜೆ, ಏನೂ ಹಚ್ಚಿಲ್ಲ. ಅವಳೇ ಬರೆದದ್ದು. ಬರೆದು, ಮತ್ತೊಮ್ಮೆ ಹಿಂದಿನ ಕೋಣೆಗೆ ಹೋಗಿ ನೋಡಿಕೊಂಡು ಬಂದು, ಕೋಟನ್ನು ತೊಟ್ಟಿಗೆ ಹಾಕಿ ನಲ್ಲಿ ತಿರುಗಿಸಿದಳು. ಹಬೆ ಮುಖಕ್ಕೆ ಹೊಡೆದಾಗಲೂ ಅವಳಿಗೆ ಎಚ್ಚರವಾಗಲಿಲ್ಲ. ಅವಳು ಮನಸ್ಸಿನಲ್ಲಿ ಹದಿನೈದು, ಹದಿಮೂರು ಎಂದು ಎಣಿಸುತ್ತಿದ್ದಳು.

"ಅಯ್ಯಯ್ಯೋ ಕಲೆಯಕ್ಕಾ!" ಪಕ್ಕದ ಮೇಜಿನಿಂದ ಇಸ್ತ್ರಿಯಣ್ಣ ಕೂಗಿದ. "ಅದು ಬಿಸಿನೀರು!"

ಎತ್ತಿ ನೋಡಿದರೆ ತೋಳಿನ ಮೇಲಿನ ರಕ್ತ ಬೆಂದು ಕಂದು ಬಣ್ಣಕ್ಕೆ ತಿರುಗಿ, ನೂಲಿನೊಳಗೆ ಕೂತುಬಿಟ್ಟಿತ್ತು. ಇನ್ನು ಅದನ್ನು ತೆಗೆಯುವುದು ಅವಳಿಂದಲೂ ಆಗದ ಕೆಲಸ. ಹದಿನೆಂಟು ವರ್ಷದಲ್ಲಿ ಹೊಸದಾಗಿ ಬಂದ ಪ್ರತಿಯೊಬ್ಬರಿಗೂ ಅವಳು ಮೊದಲ ದಿನ ಹೇಳಿಕೊಡುತ್ತಿದ್ದ ಮೊದಲ ಮಾತು, ರಕ್ತಕ್ಕೆ ಬಿಸಿ ತಾಗಿಸಬೇಡಿ ಎಂಬುದು.

"ಮೀನಿಗೆ ಈಜು ಮರೆತ ಹಾಗಾಯ್ತಲ್ಲ" ಎಂದ ಇಸ್ತ್ರಿಯಣ್ಣ. ಅವನ ಮಾತಿನಲ್ಲಿ ಕುಹಕ ಇರಲಿಲ್ಲ, ಹೆದರಿದ್ದ. "ಮೈ ಸರಿ ಇಲ್ವಾ? ಬೆಳಿಗ್ಗೆಯಿಂದ ನೋಡ್ತಿದೀನಿ, ಹಿಂದಕ್ಕೂ ಮುಂದಕ್ಕೂ ಗಡಿಯಾರದ ಲೋಲಕ ಆಡಿದ ಹಾಗೆ ಆಡ್ತಿದೀಯ."

"ಹೊಟ್ಟೆ ಸರಿಯಿಲ್ಲ."

"ನಮ್ಮನೆಯವಳೂ ಹಾಗೇ ಅಂತಾಳೆ, ನನ್ನ ಮೇಲೆ ಸಿಟ್ಟು ಬಂದಾಗ."

ಯಜಮಾನ್ತಿ ಬಂದು ಕೋಟನ್ನು ನೋಡಿದಳು, ಕಲೆಯಕ್ಕನನ್ನು ನೋಡಿದಳು. ಬೈಯಲಿಲ್ಲ. "ಮನೆಗೆ ಹೋಗು. ನಾಳೆ ಬಾ. ಡಾಕ್ಟರಿಗೆ ನಾನೇ ಹೇಳ್ಕೋತೀನಿ" ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಮನೆಗೆ ಮೂರು ನಿಲ್ದಾಣ. ಬಸ್ಸಿನಲ್ಲಿ ಜಾಗ ಇದ್ದರೂ ಅವಳು ಕೂರಲಿಲ್ಲ. ಕೂತರೆ, ಏಳುವಾಗ ಹಿಂದೆ ತಿರುಗಿ ನೋಡಬೇಕು. ನಿಂತೇ ಬಂದಳು. ಒಂದು ನಿಲ್ದಾಣ ಮೊದಲೇ ಇಳಿದು ನಡೆದಳು. ಔಷಧಿ ಅಂಗಡಿಯ ಮುಂದೆ ನಿಂತು, ಏನು ಕೇಳಬೇಕೆಂದು ತಿಳಿಯದೆ, ತಲೆನೋವಿನ ಮಾತ್ರೆ ಕೊಂಡಳು. ತಲೆನೋವು ಇರಲಿಲ್ಲ.

ಅವಳ ಅಕ್ಕ ತೀರಿಹೋಗಿ ಎರಡು ವರ್ಷ. ಗರ್ಭಕೋಶದ ಕ್ಯಾನ್ಸರ್. ಮನೆಯವರೆಲ್ಲರ ಬಾಯಲ್ಲೂ ಆ ಸಾವಿಗೆ ಒಂದೇ ಮಾತಿತ್ತು: ಸಿಡಿಲಿನ ಹಾಗೆ ಬಂತು. ಒಂದು ತಿಂಗಳು ರಕ್ತ ಹೋಯಿತು, ಆಸ್ಪತ್ರೆಗೆ ಸೇರಿಸಿದರು, ಆಗಲೇ ಎಲ್ಲ ಕಡೆ ಹರಡಿತ್ತು, ಐದು ತಿಂಗಳಲ್ಲಿ ಮುಗಿಯಿತು. ಯಾರು ಏನು ಮಾಡುವಂತಿತ್ತು? ಸಿಡಿಲಿಗೆ ಯಾರು ಅಡ್ಡ ನಿಲ್ಲುತ್ತಾರೆ? ಸತ್ತವರ ಹಿಂದೆ ಉಳಿದವರಿಗೆ ದೇವರು ಇಂಥ ಒಂದು ಮಾತನ್ನು ಊರುಗೋಲಾಗಿ ಕೊಡುತ್ತಾನೆ. ಅಕ್ಕನ ಮಗಳು ಚೂಟಿ ಎರಡು ವರ್ಷವೂ ಆ ಕೋಲನ್ನು ಹಿಡಿದೇ ನಡೆದಿದ್ದಳು.

ಅದು ಸಿಡಿಲಲ್ಲ ಎಂದು ಬಲ್ಲವಳು ಭೂಮಿಯ ಮೇಲೆ ಕಲೆಯಕ್ಕ ಒಬ್ಬಳೇ.

ಆಸ್ಪತ್ರೆಗೆ ಸೇರುವುದಕ್ಕೆ ಒಂಬತ್ತು ತಿಂಗಳು ಮೊದಲು, ಒಂದು ಶನಿವಾರ, ಅಕ್ಕ ಒಂದು ಚೀಲ ಹಿಡಿದು ಲಾಂಡ್ರಿಯ ಹಿಂಬಾಗಿಲಿಗೆ ಬಂದಿದ್ದಳು. ಒಳಗೆ ಹಾಸಿಗೆಯ ಬಿಳಿ ಹೊದಿಕೆ. "ಮನೇಲಿ ಒಗೆದ್ರೆ ಮಹಡಿ ಮೇಲೆ ಒಣಹಾಕಬೇಕು, ಹತ್ತು ಕಣ್ಣು. ನೀನು ತೆಗೆದುಕೊಡು. ಯಾರಿಗೂ ಹೇಳಬೇಡ, ವಯಸ್ಸಿನದ್ದು ಅಷ್ಟೆ. ಚೂಟಿಯ ಪರೀಕ್ಷೆ ಬೇರೆ ಹತ್ತಿರ ಇದೆ" ಎಂದಿದ್ದಳು. ಎಂಟು ವರ್ಷ ದೊಡ್ಡವಳು. ತಾಯಿಯಿಲ್ಲದ ಮನೆಯಲ್ಲಿ ತಂಗಿಯ ತಲೆ ಬಾಚಿ ಬೆಳೆಸಿದವಳು. ಅವಳ ಮಾತಿಗೆ ಎದುರು ಆಡಿ ಗೊತ್ತಿರಲಿಲ್ಲ. ತಣ್ಣೀರು, ಉಪ್ಪು, ಆಮೇಲೆ ಕಲೆಯ ಮೇಲೆ ನೊರೆಯೇಳುವ ಪೆರಾಕ್ಸೈಡ್. ಹೊದಿಕೆ ಹಾಲಿನಂತೆ ಆಯಿತು. ಮುಂದಿನ ತಿಂಗಳು ಎರಡು ಬಂದವು. ಆಮೇಲೆ ವಾರಕ್ಕೊಂದು. ಅಕ್ಕ ಅದನ್ನು ಬೆಳಕಿಗೆ ಹಿಡಿದು ನೋಡಿ, "ನಿನ್ನ ಕೈಗೆ ಬಂಗಾರ ಕಟ್ಟಬೇಕು ಕಣೆ" ಎನ್ನುತ್ತಿದ್ದಳು. ಕಲೆಯಕ್ಕನಿಗೆ ಹೆಮ್ಮೆಯಾಗುತ್ತಿತ್ತು. ನಿಜ ಹೇಳಬೇಕೆಂದರೆ, ಹೆಮ್ಮೆಯೇ ಆಗುತ್ತಿತ್ತು.

ಬಂದವರಿಗೆಲ್ಲ ಮೂರು ಪ್ರಶ್ನೆ ಕೇಳುವವಳು ಒಡಹುಟ್ಟಿದವಳಿಗೆ ಒಂದನ್ನೂ ಕೇಳಿರಲಿಲ್ಲ.

ಮನೆಗೆ ಬಂದವಳು ನೇರ ಬಚ್ಚಲಿಗೆ ಹೋದಳು. ಕಂದು ಗುರುತು ಮತ್ತೆ ಇತ್ತು, ಮೊದಲಿಗಿಂತ ಚಿಕ್ಕದು. ತೊಳೆದಳು. ಹೊರಗೆ ಬಂದು ಅಡಿಗೆ ಮನೆಯ ಡಬ್ಬಗಳನ್ನೆಲ್ಲ ಕೆಳಗಿಳಿಸಿ ಒರೆಸತೊಡಗಿದಳು. ಅರ್ಧ ಒರೆಸಿ ಬಿಟ್ಟು ಕಿಟಕಿಯ ಗಾಜು ಒರೆಸಿದಳು. ಅದನ್ನೂ ಬಿಟ್ಟು ಬಚ್ಚಲಿಗೆ ಹೋದಳು. ಹೀಗೇ ನಾಲ್ಕು ಸಲ ಬಟ್ಟೆ ಬದಲಿಸಿ, ತೊಳೆದು ಹರವಿದಳು.

ಅತ್ತೆ ನಡುಮನೆಯ ಕುರ್ಚಿಯಲ್ಲಿ ಕೂತು ಬೆಳಗಿನಿಂದ ಓದುತ್ತಿದ್ದ ಪ್ರಾರ್ಥನೆಯ ಪುಸ್ತಕವನ್ನು ಮುಚ್ಚಿದರು. ಎಪ್ಪತ್ತಾರು ವರ್ಷ. ಕಿವಿ ಮಂದ, ಕಣ್ಣು ಮಾತ್ರ ಹದ್ದಿನದು.

"ಏನಮ್ಮ, ಬಚ್ಚಲಲ್ಲಿ ಯಾರನ್ನಾದ್ರೂ ಬಚ್ಚಿಟ್ಟಿದೀಯಾ? ಗಳಿಗೆಗೊಮ್ಮೆ ಹೋಗಿ ಮಾತಾಡಿಸ್ಕೊಂಡು ಬರ್ತೀಯ."

"ಏನಿಲ್ಲ ಅತ್ತೆ."

"ಒಣಹಾಕೋ ತಂತಿ ಮೇಲೆ ಒಂದೇ ದಿನದಲ್ಲಿ ನಿಂದು ನಾಲ್ಕು ಒಳಬಟ್ಟೆ. ನಾನು ಮೂರು ಹೆತ್ತವಳು, ನನಗೆ ಲೆಕ್ಕ ಬರಲ್ವಾ? ಹದಿನೈದು ದಿನದ ಹಿಂದೆ ತಾನೇ ಆಗಿತ್ತು ನಿನಗೆ."

ಕಲೆಯಕ್ಕ ಕೈಯಲ್ಲಿದ್ದ ಬಟ್ಟೆಯನ್ನು ಹಿಂಡಿದಳು. ಅದರಲ್ಲಿ ನೀರೇ ಇರಲಿಲ್ಲ. "ಸ್ವಲ್ಪ ಕಾಣಿಸ್ಕೊಂಡಿದೆ. ನಡುವೆ. ಮೂರು ತಿಂಗಳಿಂದ. ವಯಸ್ಸಿನದ್ದಿರಬೇಕು."

"ಇರಬಹುದು. ನನಗೂ ನಲವತ್ತಾರಕ್ಕೆ ಹಾಗೇ ಹಿಂದೆಮುಂದೆ ಆಗಿ, ತಾನಾಗಿಯೇ ನಿಂತುಹೋಯ್ತು. ನನ್ನ ನಾದಿನಿಗೂ ಹಾಗೇ ಆಯ್ತು, ಅವಳಿಗೆ ಒಳಗೆ ಗಡ್ಡೆ ಇತ್ತು, ತೆಗೆಸಿದ್ರು, ಆಮೇಲೆ ಮೂವತ್ತು ವರ್ಷ ನಮ್ಮನ್ನೆಲ್ಲ ಗೋಳು ಹೊಯ್ಕೊಂಡು ಬದುಕಿದ್ಲು. ಯಾವುದು ಯಾವುದಕ್ಕೆ ಅಂತ ನಿನಗೆ ಹೇಗೆ ಗೊತ್ತು, ನನಗೆ ಹೇಗೆ ಗೊತ್ತು? ತೋರಿಸು."

"ತೋರಿಸ್ತೀನಿ, ಮುಂದಿನ ತಿಂಗಳು ನೋಡ್ಕೊಂಡು."

"ನಿಮ್ಮಕ್ಕನೂ ಮುಂದಿನ ತಿಂಗಳು ಅಂತಿದ್ಲೋ ಏನೋ, ಪಾಪ."

ಅತ್ತೆ ಏನನ್ನೂ ತಿಳಿದು ಆಡಿದ ಮಾತಲ್ಲ ಅದು. ಆದರೂ ಕಲೆಯಕ್ಕ ಆ ಒಣ ಬಟ್ಟೆಯನ್ನು ಮತ್ತೊಮ್ಮೆ ಹಿಂಡಿದಳು.

ಅವಳಿಗೆ ಒಳಗೊಳಗೇ ಒಂದು ಬೇರೆ ಯೋಚನೆ ಕೊರೆಯುತ್ತಿತ್ತು, ಯಾರಿಗೂ ಹೇಳುವಂಥದ್ದಲ್ಲ. ಇದು ಬರಬೇಕಾದದ್ದೇ, ಬಂದಿದೆ. ಅಕ್ಕನ ರಕ್ತವನ್ನು ತೊಳೆದು ಮುಚ್ಚಿದವಳಿಗೆ ದೇವರು ಅದನ್ನೇ ಅವಳ ಬಟ್ಟೆಯ ಮೇಲೆ ಬರೆದು ತೋರಿಸುತ್ತಿದ್ದಾನೆ. ಸಂಜೆ ಕೈಜೋಡಿಸಿ ನಿಂತರೆ ಕಾಪಾಡು ಎನ್ನಲು ನಾಲಿಗೆ ಏಳಲಿಲ್ಲ. ಯಾವ ಮುಖ ಹೊತ್ತು ಕೇಳುವುದು? ನಾವು ದೇವರನ್ನು ನಮ್ಮ ಮೈಯ ಅಳತೆಗೇ ಹೊಲಿದುಕೊಳ್ಳುತ್ತೇವೆ. ನಮ್ಮಲ್ಲಿರುವ ಸೇಡನ್ನು ಅವನಿಗೂ ತೊಡಿಸುತ್ತೇವೆ. ಅಷ್ಟು ತಿಳಿಯಲು ಅವಳಿಗೆ ಆಗ ಸ್ತಿಮಿತವಿರಲಿಲ್ಲ.

ಅವಳು ಕಣ್ಣು ತೆರೆದಾಗ ಅತ್ತೆ ಪಕ್ಕದಲ್ಲೇ ನಿಂತಿದ್ದರು. "ದೇವರು ಕಣ್ಣು ಕೊಟ್ಟಿರೋದು ನೋಡೋಕೆ, ವೈದ್ಯರನ್ನ ಕೊಟ್ಟಿರೋದು ತೋರಿಸೋಕೆ. ಬರೀ ಕೈಮುಗಿದ್ರೆ ಅವನೂ ಬೇಸರ ಮಾಡ್ಕೋತಾನೆ" ಎಂದರು. "ನಿನ್ನ ಗಂಡನಿಗೆ ಹೇಳಿದ್ರೆ ಅವನು ಲಿಫ್ಟು ರಿಪೇರಿ ಮಾಡೋದು ಬಿಟ್ಟು ಕೂತು ಅಳ್ತಾನೆ. ಅದಕ್ಕೇ ನಾನು ಚೂಟಿಗೆ ಫೋನ್ ಮಾಡಿದೀನಿ. ನಾಡಿದ್ದು ಬೆಳಿಗ್ಗೆ ಕರ್ಕೊಂಡು ಹೋಗ್ತಾಳೆ."

"ಅವಳಿಗ್ಯಾಕೆ ಹೇಳಿದ್ರಿ ಅತ್ತೆ!"

"ಯಾಕೆ, ಅವಳೇನು ಬೀದಿಯವಳಾ? ಚಿಕ್ಕಮ್ಮಂಗೆ ಹುಷಾರಿಲ್ಲ ಅಂದ ಕೂಡಲೇ ಓಡಿ ಬರೋಳು ಅವಳೊಬ್ಬಳೇ."

ಅದೇ ಭಯ. ಬೇರೆ ಯಾರು ಬಂದರೂ ಆಗುತ್ತಿತ್ತು.

ಅಕ್ಕನ ಮಗಳಿಗೆ ಚೂಟಿ ಎಂದು ಹೆಸರಿಟ್ಟದ್ದು ಕಲೆಯಕ್ಕನೇ. ಇಪ್ಪತ್ತಾರು ವರ್ಷ, ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸ. ದಿನವಿಡೀ ಜನರನ್ನು ಕತ್ತಲೆಯ ಕೋಣೆಯಲ್ಲಿ ಕೂರಿಸಿ "ಇದು ಸ್ಪಷ್ಟವೋ, ಅದು ಸ್ಪಷ್ಟವೋ" ಎಂದು ಕೇಳಿ ಕೇಳಿ, ಮಾತಿನಲ್ಲೂ ಅದೇ ರೀತಿ ಬಂದಿತ್ತು. ಗುರುವಾರ ಆಸ್ಪತ್ರೆಯ ಬೆಂಚಿನ ಮೇಲೆ ಚಿಕ್ಕಮ್ಮನ ಕೈ ಹಿಡಿದು ಕೂತಳು.

"ಚಿಕ್ಕಮ್ಮ, ನೀನು ಕಾಲು ಅಲ್ಲಾಡಿಸೋದು ನಿಲ್ಸು. ಬೆಂಚಿನ ಮೇಲಿರೋ ಏಳು ಜನಕ್ಕೂ ಭೂಕಂಪ ಆಗ್ತಿದೆ."

"ಆಚೆ ಹೋಗಿ ಬರ್ತೀನಿ ಸ್ವಲ್ಪ."

"ಆಗಲೇ ಮೂರು ಸಲ ಹೋಗಿ ಬಂದೆ. ಹೆದರಿದೀಯಾ?"

"ಇಲ್ಲ."

"ನಾನು ಹೆದರಿದೀನಿ" ಎಂದಳು ಚೂಟಿ, ಗೋಡೆಯನ್ನು ನೋಡುತ್ತ. "ಅಮ್ಮಂದು ಹಾಗೆ ಬಂತು, ಹಾಗೆ ಹೋಯ್ತು. ಗೊತ್ತಾಗೋಕೆ ಅಂತ ಒಂದು ದಿನಾನೂ ಕೊಡಲಿಲ್ಲ ನಮಗೆ. ನೀನಾದ್ರೂ ಮೊದಲೇ ಹೇಳಿದೆಯಲ್ಲ, ಅದಕ್ಕೇ ಜೀವ ಇದೆ ನನಗೆ."

ಕಲೆಯಕ್ಕ ಎದ್ದು ನಾಲ್ಕನೆಯ ಸಲ ಹೊರಗೆ ಹೋದಳು.

ವೈದ್ಯೆ ಅರವತ್ತು ಮುಟ್ಟಿದವರು, ಬಿಳಿಗೂದಲು ಗಿಡ್ಡಗೆ ಕತ್ತರಿಸಿದ್ದರು. ಮುಖ ನೋಡುವ ಮೊದಲೇ ಪ್ರಶ್ನೆ ಶುರುವಾಯಿತು. ಮುಟ್ಟು ಎಷ್ಟು ದಿನಕ್ಕೊಮ್ಮೆ? ನಡುವೆ ಕಾಣಿಸಿಕೊಂಡದ್ದು ಯಾವ ಯಾವ ದಿನ? ಬಣ್ಣ ಯಾವುದು, ಎಷ್ಟು? ಗಂಡನ ಜೊತೆ ಸೇರಿದ ಮೇಲೆ ಬರುತ್ತದೆಯೇ? ಗರ್ಭ ತಡೆಯುವ ಮಾತ್ರೆ ಉಂಟೇ, ಒಳಗೆ ಏನಾದರೂ ಹಾಕಿಸಿಕೊಂಡಿದ್ದೀರಾ? ಗರ್ಭಿಣಿ ಇರಬಹುದೇ? ಥೈರಾಯ್ಡ್ ನೋಡಿಸಿದ್ದೀರಾ? ನೋವು, ಬಿಳಿಸೆರಗು, ತುರಿಕೆ?

"ಬಣ್ಣ ಕಂದು" ಎಂದಳು ಕಲೆಯಕ್ಕ. "ಒಂದು ದಿನದ ಹಳೇ ರಕ್ತದ ಬಣ್ಣ. ಆದ್ರೆ ಬಟ್ಟೆ ಹಾಕಿ ಮೂರು ಗಂಟೆ ಆಗಿತ್ತು ಅಷ್ಟೆ. ಅದು ಹೇಗೆ ಅಂತ ನನಗೆ ಗೊತ್ತಾಗಲಿಲ್ಲ."

ವೈದ್ಯೆ ಮೊದಲ ಬಾರಿ ತಲೆಯೆತ್ತಿ ನೋಡಿದರು. "ಏನು ಕೆಲಸ ನಿಮ್ಮದು?"

"ಲಾಂಡ್ರಿ. ಕಲೆ ತೆಗೆಯೋದು."

"ಹಾಗನ್ನಿ. ಬಟ್ಟೆ ಮೇಲಿನ ಲೆಕ್ಕ ನಿಮ್ಮದು ಸರಿ. ಇದು ಒಳಗೇ ನಿಧಾನವಾಗಿ ನಿಂತು, ಹಳತಾಗಿ ಬಂದದ್ದು. ಅದಕ್ಕೇ ಕಂದು. ಬಣ್ಣ ನೋಡಿ ಒಳ್ಳೇದು ಕೆಟ್ಟದ್ದು ಅಂತ ಹೇಳೋಕಾಗಲ್ಲ. ಎಷ್ಟು ದಿನದ ಬಟ್ಟೆ ಉಳಿಸಿದೀರಿ? ದಿನಾಂಕ ಬರೆದಿಟ್ಟಿದೀರಾ?"

"ತೊಳೆದುಬಿಟ್ಟೆ. ಬರೆದಿಲ್ಲ."

"ಎಲ್ಲರೂ ಹಾಗೇ ಮಾಡ್ತಾರೆ. ಇನ್ಮೇಲೆ ಬರೆಯಿರಿ." ಅವರು ಮುಂದಿನ ಹಾಳೆ ತಿರುವಿದರು. "ಮನೇಲಿ ಯಾರಿಗಾದ್ರೂ ಗರ್ಭಕೋಶದ ತೊಂದರೆ ಇತ್ತಾ?"

ಚೂಟಿ ಮುಂದೆ ಬಾಗಿದಳು. "ನಮ್ಮಮ್ಮನಿಗೆ, ಅಂದ್ರೆ ಇವರ ಅಕ್ಕನಿಗೆ. ಗರ್ಭಕೋಶದ ಒಳಪದರದ ಕ್ಯಾನ್ಸರ್. ಎರಡು ವರ್ಷ ಆಯ್ತು ಹೋಗಿ."

"ಯಾವ ವಯಸ್ಸಲ್ಲಿ?"

"ಐವತ್ತು ತುಂಬಿ ಎರಡು ತಿಂಗಳಿಗೆ ಗೊತ್ತಾಯ್ತು."

"ಅದಕ್ಕೆ ಮೊದಲು ಎಷ್ಟು ದಿನದಿಂದ ರಕ್ತ ಹೋಗ್ತಿತ್ತು?"

"ಒಂದೇ ತಿಂಗಳು. ಅದಕ್ಕೆ ಮೊದಲು ಏನೂ ಇರಲಿಲ್ಲ."

ವೈದ್ಯೆ ಬರೆದರು. ಲೇಖನಿಯ ತುದಿ ಕಾಗದದ ಮೇಲೆ ಹೋಗುವುದನ್ನು ಕಲೆಯಕ್ಕ ನೋಡಿದಳು. ಒಂದು ತಿಂಗಳು. ಸುಳ್ಳು ಚೀಟಿ ಸಿಕ್ಕಿಸಿದ ಬಟ್ಟೆಯ ಗತಿ ಏನಾಗುತ್ತದೆಂದು ಅವಳಷ್ಟು ಬಲ್ಲವರಿರಲಿಲ್ಲ. ಸುಮ್ಮನಿದ್ದುಬಿಡಬಹುದು. ಎರಡು ವರ್ಷ ಸುಮ್ಮನಿದ್ದಳು, ಇನ್ನು ಎರಡು ನಿಮಿಷ ಏನು ದೊಡ್ಡದು? ಕಾಲು ತಾನಾಗಿ ಅಲ್ಲಾಡತೊಡಗಿತು. ಪಕ್ಕದಲ್ಲಿ ಚೂಟಿಯ ಕೈ ಅವಳ ಮೊಣಕಾಲ ಮೇಲೆ ಬಂದು, ಮೃದುವಾಗಿ ಅದುಮಿತು.

ಆ ಕೈಯೇ ಅವಳನ್ನು ಮಾತಾಡಿಸಿತು.

"ಒಂದು ತಿಂಗಳಲ್ಲ" ಎಂದಳು. "ಒಂಬತ್ತು. ಒಂದು ತಿಂಗಳು ಎಲ್ಲರಿಗೂ ಗೊತ್ತಾಗೋ ಹಾಗೆ. ಅದಕ್ಕೆ ಮೊದಲು ಎಂಟು ತಿಂಗಳು, ನನಗೆ ಮಾತ್ರ ಗೊತ್ತಿತ್ತು."

ಮೊಣಕಾಲ ಮೇಲಿದ್ದ ಕೈ ಅಲ್ಲೇ ಇತ್ತು, ಆದರೆ ಅದರಲ್ಲಿ ಜೀವ ಇರಲಿಲ್ಲ. ಆಮೇಲೆ ಅದು ಹೋಯಿತು.

ವೈದ್ಯೆ ಇಬ್ಬರನ್ನೂ ನೋಡಿದರು. ಬರೆದದ್ದರ ಮೇಲೆ ಗೀಟು ಎಳೆದರು. "ಖಚಿತವಾಗಿ ಹೇಳ್ತೀರಾ?"

"ಅವಳ ಹೊದಿಕೆಗಳನ್ನ ನಾನೇ ತೊಳೆದುಕೊಟ್ಟೆ. ಮೊದಲ ಸಲ ತಂದಾಗ ಅವಳಿಗೆ ನಲವತ್ತೊಂಬತ್ತು. ಮೊದಲು ತಿಂಗಳಿಗೊಂದು ಸಲ, ಆಮೇಲೆ ವಾರಕ್ಕೊಂದು."

"ಇದು ಗೊತ್ತಾಗಿದ್ದು ಒಳ್ಳೇದಾಯ್ತು" ಎಂದರು ವೈದ್ಯೆ, ಯಾರನ್ನೂ ಸಮಾಧಾನ ಮಾಡುವ ದನಿಯಲ್ಲಲ್ಲ, ಕೆಲಸದ ದನಿಯಲ್ಲಿ. "ಐವತ್ತರೊಳಗೆ ಶುರುವಾಗಿದ್ರೆ ಅದು ಮನೆತನದಲ್ಲಿ ಹರಿದುಬರೋ ಥರದ್ದಾ ಅಂತ ನೋಡೋದು ಒಳ್ಳೇದು. ಎಲ್ಲರಿಗೂ ಹಾಗಿರಲ್ಲ, ಕೆಲವರಿಗೆ ಇರುತ್ತೆ. ನಿಮ್ಮೊಬ್ಬರ ವಿಷಯ ಮಾತ್ರ ಅಲ್ಲ ಇದು." ಚೂಟಿಯ ಕಡೆ ತಿರುಗಿದರು. "ಮಗಳಾಗಿ ನೀವೂ ಒಂದು ಸಲ ಬಂದು ಮಾತಾಡಿ. ಹೆದರೋಕಲ್ಲ, ತಿಳ್ಕೊಳ್ಳೋಕೆ."

ಚೂಟಿ ಕೈಚೀಲವನ್ನು ಮಡಿಲಿಗೆ ಎಳೆದುಕೊಂಡಳು.

"ಈಗ ನಿಮ್ಮ ವಿಷಯ" ಎಂದು ವೈದ್ಯೆ ಕಲೆಯಕ್ಕನ ಕಡೆ ತಿರುಗಿದರು. "ನಡುವೆ ಕಾಣಿಸ್ಕೊಂಡ ತಕ್ಷಣ ಅಕ್ಕನ ಕಾಯಿಲೆಯೇ ಅಂತ ತೀರ್ಮಾನ ಮಾಡಬೇಡಿ. ಹತ್ತು ಕಾರಣ ಇರುತ್ತೆ, ಹೆಚ್ಚಿನವು ಸಣ್ಣವು. ಮುಟ್ಟು ನಿಲ್ಲೋ ಕಾಲ ಹತ್ತಿರ ಬಂದಾಗ ಏರುಪೇರಾಗುತ್ತೆ, ಸೋಂಕಿಗೂ ಆಗುತ್ತೆ, ಗಡ್ಡೆಗೂ ಆಗುತ್ತೆ. ಹಾಗಂತ ವಯಸ್ಸಿನದ್ದು ಅಂತ ಬಿಡೋ ಹಾಗೂ ಇಲ್ಲ. ನೋಡಿದ್ರೇನೇ ಗೊತ್ತಾಗೋದು. ಬನ್ನಿ, ಮಲಗಿ."

ಮೊದಲು ಗರ್ಭಪರೀಕ್ಷೆ ಮಾಡಿಸಿ ಇಲ್ಲವೆಂದು ಖಚಿತಪಡಿಸಿಕೊಂಡರು. ಆಮೇಲೆ ಪರದೆಯ ಹಿಂದೆ ಐದು ನಿಮಿಷ. ಗರ್ಭಕೋಶದ ಬಾಯಿಯಲ್ಲಿ ಬಟಾಣಿ ಕಾಳಿನ ಗಾತ್ರದ ಒಂದು ಮೃದುವಾದ ಮಾಂಸದ ಕುಡಿ ತೂಗುತ್ತಿದೆ, ಪಾಲಿಪ್ ಎನ್ನುತ್ತಾರೆ, ತಾಗಿದರೆ ರಕ್ತ ಬರುತ್ತದೆ, ಇದೇ ಕಾರಣವಿರಬಹುದು ಎಂದರು. ಅಲ್ಲೇ ತಿರುಚಿ ತೆಗೆದರು, ಚಿವುಟಿದಷ್ಟು ನೋವು. ಅಕ್ಕನ ಕಥೆ ಇರುವುದರಿಂದ ಒಳಪದರದ ಚೂರನ್ನೂ ತೆಗೆದರು. ಅದು ಚಿವುಟಿದಷ್ಟಲ್ಲ, ಹಲ್ಲು ಕಚ್ಚಬೇಕಾಯಿತು. ಎರಡೂ ಪರೀಕ್ಷೆಗೆ ಹೋದವು. ವರದಿ ಎಂಟು ದಿನಕ್ಕೆ.

ಪರದೆಯಿಂದ ಹೊರಗೆ ಬಂದಾಗ ಚೂಟಿಯ ಕುರ್ಚಿ ಖಾಲಿಯಿತ್ತು.

ಅವಳು ಆಸ್ಪತ್ರೆಯ ಹೊರಗಿನ ಮೆಟ್ಟಿಲ ಮೇಲೆ, ಕೈಚೀಲವನ್ನು ಎರಡೂ ತೋಳಿನಿಂದ ಅವುಚಿ ನಿಂತಿದ್ದಳು. ಅಳುತ್ತಿರಲಿಲ್ಲ.

"ಅಮ್ಮ ಹೇಳಬೇಡ ಅಂದ್ಳಾ?"

"ಅಂದ್ಳು."

"ನೀನು ಸರಿ ಅಂದೆಯಾ?"

"ಹೂಂ. ನಿನ್ನ ಪರೀಕ್ಷೆ ಇತ್ತು."

"ನನ್ನ ಮೇಲೆ ಹಾಕಬೇಡ."

"ಇಲ್ಲ. ಅವಳ ಮೇಲೂ ಹಾಕಲ್ಲ." ಕಲೆಯಕ್ಕ ಗೋಡೆಗೆ ಕೈ ಊರಿದಳು. "ಹೊದಿಕೆ ಬೆಳ್ಳಗಾದಾಗ ನನಗೆ ಖುಷಿಯಾಗ್ತಿತ್ತು. ಅಷ್ಟೇ ನೋಡಿದೆ ನಾನು. ಎಲ್ಲಿಂದ ಬರ್ತಿದೆ ಅಂತ ನೋಡಲಿಲ್ಲ. ಆ ರಕ್ತ ಕಾಯಿಲೆಯದ್ದು ಅಂತ ಗೊತ್ತಿದ್ರೆ ತೊಳೀತಿರಲಿಲ್ಲ ಕಣೆ. ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಹೇಳೋಕೆ ಧೈರ್ಯ ಬರಲಿಲ್ಲ."

"ಎರಡು ವರ್ಷ ಸಿಡಿಲು ಸಿಡಿಲು ಅಂದ್ಕೊಂಡು ಬದುಕಿದೆ ಚಿಕ್ಕಮ್ಮ ನಾನು. ನೀನು ಪಕ್ಕದಲ್ಲೇ ಕೂತು ಹೂಂಗುಟ್ಟಿದೆ."

ಚೂಟಿ ರಸ್ತೆಗೆ ಕೈ ಚಾಚಿ ಆಟೋ ನಿಲ್ಲಿಸಿದಳು. ಚಿಕ್ಕಮ್ಮನನ್ನು ಹತ್ತಿಸಿದಳು, ಚಾಲಕನಿಗೆ ವಿಳಾಸ ಹೇಳಿದಳು, "ಗುಂಡಿ ನೋಡ್ಕೊಂಡು ನಿಧಾನ ಹೋಗಿ, ಇವರಿಗೆ ನೋವಿದೆ" ಎಂದಳು. ತಾನು ಹತ್ತಲಿಲ್ಲ.

ಎಂಟು ದಿನ. ಕಲೆಯಕ್ಕ ಮಾರನೆಯ ದಿನವೇ ಕೆಲಸಕ್ಕೆ ಹೋದಳು. ಚೀಟಿ ಬರೆದಳು, ತೊಟ್ಟಿಗೆ ಕೈ ಹಾಕುವ ಮೊದಲು ನೀರನ್ನು ಎರಡು ಸಲ ಮುಟ್ಟಿ ನೋಡಿದಳು. ಇಸ್ತ್ರಿಯಣ್ಣ ದಿನಕ್ಕೊಂದು ಜೋಕು ಹೇಳಿದ. ನಗು ಬರಲಿಲ್ಲವೆಂದು ಅವನೇ ನಕ್ಕು ತೀರಿಸಿದ. ಎರಡು ದಿನ ರಕ್ತ ಸ್ವಲ್ಪ ಕಂಡಿತು, ಚೂರು ತೆಗೆದದ್ದಕ್ಕೆ ಹಾಗಾಗುತ್ತದೆಂದು ವೈದ್ಯೆ ಹೇಳಿದ್ದರು. ಅವಳು ಕ್ಯಾಲೆಂಡರಿನ ಮೇಲೆ ದಿನಾಂಕದ ಪಕ್ಕ ಬರೆದಳು: ಕಂದು, ಸ್ವಲ್ಪ. ಗಂಡ ಅದನ್ನು ಓದಿ, ಇದೇನೆಂದು ಕೇಳಿದ. ಹೇಳಿದಳು. ಅವನು ಅತ್ತೆ ಹೇಳಿದ್ದಂತೆಯೇ ಕೂತು ಅತ್ತ. ಆಮೇಲೆ ಎದ್ದು ಚಹಾ ಮಾಡಿಕೊಟ್ಟ. ಸಕ್ಕರೆ ಮರೆತಿದ್ದ.

ಚೂಟಿ ಫೋನ್ ಮಾಡಲಿಲ್ಲ. ಕಲೆಯಕ್ಕ ದಿನಕ್ಕೆ ಹತ್ತು ಸಲ ಫೋನು ತೆಗೆದು ನೋಡಿ ಒಳಗಿಟ್ಟಳು. ರಾತ್ರಿಗಿಂತ ಹಗಲೇ ಕಷ್ಟವಾಗಿತ್ತು. ಈಗಲೂ ಅವಳಿಗೆ ಕಾಪಾಡು ಎಂದು ಕೇಳಲು ಬರುತ್ತಿರಲಿಲ್ಲ, ಆದರೆ ಬೇರೊಂದು ಮಾತು ಬಂತು: ನನಗೆ ಏನೇ ಇರಲಿ, ಆ ಹುಡುಗಿ ಒಂದು ಸಲ ತೋರಿಸಿಕೊಳ್ಳುವ ಹಾಗೆ ಮಾಡು. ಬಹಳ ದಿನದ ಮೇಲೆ ಅವಳ ಪ್ರಾರ್ಥನೆ ನಡುವೆ ಎಲ್ಲೂ ಕಡಿಯದೆ ಮುಗಿಯಿತು.

ಒಂಬತ್ತನೆಯ ದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಹೋಗಿ ವರದಿ ತಂದಳು. ವೈದ್ಯೆ ಮೂರು ಗಂಟೆಗೆ ಬರುವವರು. ಇನ್ನೂ ಅರ್ಧ ಗಂಟೆ. ಬೆಂಚಿನ ಮೇಲೆ ಕೂತಳು, ಎದ್ದಳು, ಕಿಟಕಿಯ ಹತ್ತಿರ ಹೋದಳು. ಲಕೋಟೆ ಅಂಗೈಯ ಬೆವರಿಗೆ ಮೆತ್ತಗಾಯಿತು. ಅಂಟು ಬಿಡಿಸಿದಳು, ಹಾಳೆಯನ್ನು ಅರ್ಧ ಎಳೆದು ಮತ್ತೆ ಒಳಗೆ ತಳ್ಳಿದಳು. ಕೊನೆಗೆ ಫೋನು ತೆಗೆದು, ಈ ಸಲ ಒಳಗಿಡದೆ ಒತ್ತಿದಳು.

ಎರಡನೇ ರಿಂಗಿಗೇ ಎತ್ತಿದಳು ಚೂಟಿ. ಹಲೋ ಎನ್ನಲಿಲ್ಲ.

"ವರದಿ ಬಂದಿದೆ" ಎಂದಳು ಕಲೆಯಕ್ಕ. "ನೋಡಿಲ್ಲ."

ಆ ಕಡೆ ಬಾಗಿಲು ಹಾಕಿದ ಸದ್ದು. ಕತ್ತಲೆಯ ಕೋಣೆಗೆ ಹೋಗಿರಬೇಕು. "ಓದು."

"ಫೋಟೋ ಕಳಿಸ್ತೀನಿ, ನೀನೇ..."

"ಫೋಟೋ ಬೇಡ. ನೀನೇ ಓದು. ಮೇಲಿನಿಂದ. ಏನೂ ಬಿಡಬೇಡ."

ಕಲೆಯಕ್ಕ ಹಾಳೆ ಬಿಡಿಸಿದಳು. ಹೆಸರು, ವಯಸ್ಸು, ದಿನಾಂಕ ಓದಿದಳು. ತೆಗೆದ ಚೂರಿನ ಉದ್ದ ಅಗಲ ಓದಿದಳು. ಬಾಯಿಗೆ ತಿರುಗದ ಒಂದು ಪದವನ್ನು ಅಕ್ಷರ ಅಕ್ಷರವಾಗಿ ಓದಿದಳು. ಚೂಟಿ ಅದನ್ನು ಮತ್ತೊಮ್ಮೆ ಹೇಳಿಸಿದಳು. ಆಮೇಲೆ ಬಂತು: ಗರ್ಭಕೋಶದ ಬಾಯಿಯ ಪಾಲಿಪ್, ಸಾಮಾನ್ಯ ಸ್ವರೂಪದ್ದು. ಒಳಪದರದಲ್ಲಿ ಕ್ಯಾನ್ಸರಿನ ಲಕ್ಷಣ ಕಂಡುಬಂದಿಲ್ಲ.

ಇಬ್ಬರೂ ಉಸಿರು ಬಿಡುವುದು ಇಬ್ಬರಿಗೂ ಕೇಳಿಸಿತು.

ಹಾಳೆಯ ಅಡಿಯಲ್ಲಿ ಇನ್ನೊಂದು ಸಾಲು ಇತ್ತು. ಕಲೆಯಕ್ಕನ ಕಣ್ಣು ಅದರ ಮೇಲೆ ಹೋಗಿ ನಿಂತಿತು. ಒಳ್ಳೆಯದು ಕೇಳಿಯಾಗಿದೆ, ಹುಡುಗಿಗೆ ಉಸಿರು ಬಂದಿದೆ, ಇನ್ನು ಇದನ್ನು ಹೇಳಿ ಯಾಕೆ ಕಲಕಬೇಕು, ಆಮೇಲೆ ನಿಧಾನವಾಗಿ ಹೇಳಿದರಾಯಿತು ಎಂದು ತೊಳೆದು ಮುಚ್ಚುವ ಹಳೆಯ ಕೈ ಒಳಗೆ ಏಳುತ್ತಿತ್ತು. ಅವಳಿಗೆ ಅದರ ಗುರುತು ಹತ್ತಿತು.

"ಇನ್ನೂ ಒಂದು ಸಾಲಿದೆ" ಎಂದಳು. "ಒಳಪದರ ಸ್ವಲ್ಪ ದಪ್ಪ ಇದೆ. ಮನೆತನದ ಹಿನ್ನೆಲೆ ಇರೋದ್ರಿಂದ ಆರು ತಿಂಗಳಿಗೆ ಮತ್ತೆ ಪರೀಕ್ಷೆ ಮಾಡಿಸಬೇಕು."

"ಆರು ತಿಂಗಳು ಅಂದ್ರೆ ಯಾವ ತಿಂಗಳು, ಎಣಿಸು."

ಎಣಿಸಿ ಹೇಳಿದಳು. ಆ ಕಡೆ ಬರೆದುಕೊಳ್ಳುವ ಸದ್ದು.

"ನನಗಿನ್ನೂ ನಿನ್ನ ಮೇಲೆ ಸಿಟ್ಟಿದೆ" ಎಂದಳು ಚೂಟಿ.

"ಇರಲಿ."

"ಬೇಗ ಹೋಗೋ ಸಿಟ್ಟಲ್ಲ."

"ಇರಲಿ ಕಣೆ."

"ಬರೋ ಸೋಮವಾರ ಹತ್ತೂವರೆಗೆ ನನಗೆ ಅದೇ ಡಾಕ್ಟರ ಹತ್ತಿರ ಸಮಯ ಸಿಕ್ಕಿದೆ. ಅಮ್ಮನ ವಿಷಯ ಕೇಳ್ತಾರೆ. ನನಗೆ ಗೊತ್ತಿರೋದೆಲ್ಲ ಸುಳ್ಳು." ಅವಳ ದನಿ ಒಡೆಯಿತು, ಕೂಡಲೇ ಗಟ್ಟಿಯಾಯಿತು. "ನೀನು ಬರಬೇಕು. ಎಷ್ಟನೇ ತಿಂಗಳು, ಎಷ್ಟು ಹೊದಿಕೆ, ಎಲ್ಲ ನೆನಪು ಮಾಡ್ಕೊಂಡು ಬಾ. ಬಂದು ಬೆಂಚನ್ನ ಅಲ್ಲಾಡಿಸ್ತಾ ಕೂತ್ಕೋಬೇಡ."

"ಬರ್ತೀನಿ" ಎಂದಳು ಕಲೆಯಕ್ಕ. ಫೋನು ಆಗಲೇ ಕಡಿದಿತ್ತು. ಅವಳು ವರದಿಯ ಲಕೋಟೆಯನ್ನು ತಿರುಗಿಸಿ, ಬೆಂಚಿನ ಮೇಲೆ ಊರಿ, ಅಕ್ಕ ಚೀಲ ಹಿಡಿದು ಹಿಂಬಾಗಿಲಿಗೆ ಬಂದ ಆ ಶನಿವಾರದ ತಾರೀಕು ಯಾವುದೆಂದು ನೆನಪು ಮಾಡಿಕೊಂಡು ಬರೆಯಲು ಶುರುಮಾಡಿದಳು.